ಬಾಗಿಲ ಮೇಲಿನ ಚುಕ್ಕೆ ಲೋಳೆಸರ

ಇವತ್ತು ಬೆಳಿಗ್ಗೆ ಚನ್ನಗಿರಿಯ ನಮ್ಮ ಮನೆಯ ಗೇಟಿನ ಪಕ್ಕದ ಕುಂಡದಲ್ಲಿ ಚುಕ್ಕೆ ಲೋಳೆಸರ ಹೂವಿನ ಕಡ್ಡಿ ಬಿಟ್ಟಿದೆ. ಎಲೆಗಳ ನಡುವಿನಿಂದ ಹೆಬ್ಬೆರಳಿನ ಉಗುರಿನಷ್ಟು ಮಾತ್ರ ಇಣುಕಿದೆ. ಹಾಲಿನ ಪ್ಯಾಕೆಟ್ ತರಲು ಹೋದವಳು ಅದನ್ನು ಕಾಂಪೌಂಡಿನ ಮೇಲಿಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಬೆಕ್ಕು ಪ್ಯಾಕೆಟ್ ಹರಿದಿದ್ದು ಹಾಲು ಹೆಗಲ ಮೇಲೆ ತೊಟ್ಟಿಕ್ಕಿದಾಗಲೇ ಗೊತ್ತಾಗಿದ್ದು. ತೋಟಗಾರಿಕೆ ಇಲಾಖೆಯಲ್ಲಿ ಇಡೀ ಕೆಲಸದ ಆಯುಸ್ಸು ಕಳೆದು ನಿವೃತ್ತಳಾದವಳು ಒಂದು ಮೊಗ್ಗು ಕಂಡು ಹೀಗೆ ಮೈಮರೆಯಬಹುದೇ ಎಂದು ನೀವು ಕೇಳಬಹುದು. ಈ ಗಿಡದ ತಾಯಿ ಇರುವುದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ಅದು ಮೊದಲ ಸಲ ಹೂ ಬಿಟ್ಟಾಗ ನಾನು ಎದುರಿಗಿದ್ದೆ. ಆ ಸಂಭ್ರಮ ಇನ್ನೂ ಇಳಿದಿಲ್ಲ.

ಬರೆಯಲು ಇನ್ನೊಂದು ಕಾರಣವೂ ಇದೆ. ಈಚೆಗೆ ಕೆಲಸಕ್ಕೆ ಸೇರಿ ಜಗಳೂರಿಗೆ ಬಂದಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು.

"ಮೇಡಂ, ಎಲೆ ಮೇಲೆ ಚುಕ್ಕೆ ಇದ್ರೆ ವಿಷ, ಇಲ್ದಿದ್ರೆ ಔಷಧಿ. ಲೋಳೆಸರದ ಗುರುತು ಇಷ್ಟೇ ಅಲ್ವಾ?"

"ಇಷ್ಟೇ ಅಂತ ಯಾರಮ್ಮ ಹೇಳಿದ್ದು?"

"ಎಲ್ಲಾರೂ ಹೇಳ್ತಾರೆ ಮೇಡಂ. ವಿಡಿಯೋದಲ್ಲೂ ಇದೆ."

ನಾನು ನಕ್ಕುಬಿಟ್ಟೆ. ಅವಳು ಬೇಜಾರು ಮಾಡಿಕೊಂಡಿರಬೇಕು. ಆ ನಗುವಿನ ಹಿಂದೆ ಇದ್ದದ್ದು ಅವಳಲ್ಲ, ಹಿಂದೆ ಸಾಸ್ವೆಹಳ್ಳಿಯಲ್ಲಿ ನಡೆದ ಒಂದು ಪ್ರಸಂಗ. ಹಾಗಾಗಿ ಅವಳಿಗೂ ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಇದನ್ನು ಬರೆಯುತ್ತಿದ್ದೇನೆ. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವ ಹುದ್ದೆ ಸಿಕ್ಕಿತು ಎಂಬುದು ಯಾರಿಗೂ ಬೇಡ. ನನಗೂ ಬೇಡ. ನಾನು ದಿನವೂ ಡೈರಿ ಬರೆಯುವವಳು. ಆದರೆ ಡೈರಿಯನ್ನೂ ಪೂರ್ತಿ ನಂಬುವುದಿಲ್ಲ. ನಾನು ಹೇಳಹೊರಟಿರುವ ದಿನದ ಪುಟದಲ್ಲಿ "ಬಿಳಿಚೋಡು. ಬಿಸಿಲು. ಹೂ!" ಎಂದಷ್ಟೇ ಇದೆ. ಉಳಿದದ್ದೆಲ್ಲ ನೆನಪು. ನೆನಪು ಒಳ್ಳೆಯ ಮಾತುಗಳನ್ನು ನಮ್ಮ ಬಾಯಿಗೇ ಇಟ್ಟುಬಿಡುತ್ತದೆ ಎಂಬ ಅನುಮಾನ ನನಗಿದೆ. ಅನುಮಾನ ಬಂದ ಕಡೆ ಹೇಳುತ್ತಾ ಹೋಗುತ್ತೇನೆ.

ಮೊದಲು ಸಾಸ್ವೆಹಳ್ಳಿ. ಹೊನ್ನಾಳಿಯಲ್ಲಿದ್ದಾಗ ನಮಗೊಬ್ಬ ಸಾಹೇಬರಿದ್ದರು. ಚುರುಕು, ಧಾರಾಳಿ, ಜನರೊಂದಿಗೆ ಬೆರೆಯುವವರು. ಒಂದೇ ದೌರ್ಬಲ್ಯವೆಂದರೆ ಎಲ್ಲ ತಿಳಿವಳಿಕೆಯೂ ಒಂದು ಸಾಲಿನಲ್ಲಿ ಹಿಡಿಯಬೇಕು ಎಂಬ ಹಟ. ಸಾಸ್ವೆಹಳ್ಳಿಯಲ್ಲಿ ಹೆಂಗಸರಿಗೆ ಮನೆಯಂಗಳದ ಔಷಧಿ ಗಿಡಗಳ ತರಬೇತಿ ಇಟ್ಟುಕೊಂಡಿದ್ದೆವು. ಲೋಳೆಸರದಂತೆಯೇ ಕಾಣುವ, ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಅಲಂಕಾರದ ಗಿಡವೊಂದಿದೆ, ಅದನ್ನು ತಿನ್ನಬಾರದು ಎಂದು ಸಾಹೇಬರು ವಿವರಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅವರು ಕೈ ಎತ್ತಿ ಹೇಳಿದರು: "ನೆನಪಿಟ್ಕೊಳ್ರಿ. ಚುಕ್ಕೆ ಕಂಡ್ರೆ ಕಿತ್ತಾಕಿ!"

ಹೆಂಗಸರು ಅದನ್ನು ಕೂಗಿ ಹೇಳಿ ಕಲಿತರು. ಮನೆಗೆ ಹೋಗಿ ಮಾಡಿಯೂ ಬಿಟ್ಟರು.

ಮತ್ತೆ ಆ ಕಡೆ ಹೋದಾಗ ಅಂಗಡಿ ಮುಂದೆ ಒಬ್ಬ ಹೆಂಗಸು ನಮ್ಮ ಜೀಪು ನಿಲ್ಲಿಸಿದಳು. "ಸಾರ್, ನೀವು ಹೇಳಿದಂಗೆ ಚುಕ್ಕೆ ಇರಾವನ್ನೆಲ್ಲ ಕಿತ್ತಾಕಿದ್ವಿ. ತಾಯಿ ಉಳಿದೈತೆ, ಮಕ್ಕಳು ಒಂದೂ ಇಲ್ಲ. ಬೇರೆ ಮನಿಗೆ ಕೊಡಾಕೆ ಒಂದು ಸಸೀನೂ ಇಲ್ಲ ನೋಡ್ರಿ."

ಸಾಹೇಬರು ಅವಳ ಅಂಗಳಕ್ಕೆ ಹೋಗಿ ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಮಂಡಿಯೂರಿದರು. ಎತ್ತರಕ್ಕೆ ಬೆಳೆದ, ಒಂದೂ ಚುಕ್ಕೆಯಿಲ್ಲದ ಅಪ್ಪಟ ಲೋಳೆಸರ. ಅದರ ಬುಡದಲ್ಲಿ ಆಗಷ್ಟೇ ಹೊಸ ಮರಿ ಏಳುತ್ತಿತ್ತು. ಮರಿಯ ಮೈ ತುಂಬ ಚುಕ್ಕೆ!

"ಏನ್ರೀ ಇದು!" ಎಂದು ಅವರು ನನ್ನ ಮುಖ ನೋಡಿದರು. ನಾನು ಆ ಮರಿಯ ಮುಖ ನೋಡಿದೆ. ಔಷಧಿಯ ಲೋಳೆಸರಕ್ಕೂ ಎಳೆಯದರಲ್ಲಿ ಚುಕ್ಕೆ ಇರುತ್ತದೆ. ಹೆಚ್ಚಿನವು ಬೆಳೆಯುತ್ತಾ ಕಳೆದುಕೊಳ್ಳುತ್ತವೆ, ಕೆಲವು ದೊಡ್ಡದಾದರೂ ಉಳಿಸಿಕೊಳ್ಳುತ್ತವೆ. ಇಡೀ ಊರಿನ ಹೆಂಗಸರು ಒಳ್ಳೆಯ ಗಿಡದ ಮಕ್ಕಳನ್ನೇ ಹುಡುಕಿ ಹುಡುಕಿ ತಿಪ್ಪೆಗೆ ಎಸೆದಿದ್ದರು. ಸಾಹೇಬರ ದೊಡ್ಡತನ ನೋಡಿ, ಅವತ್ತೇ ಮನೆ ಮನೆಗೆ ಹೋಗಿ "ನಾನು ಹೇಳಿದ್ದು ಅರ್ಧ ಸುಳ್ಳು ಕಣ್ರವ್ವಾ" ಎಂದು ಹೇಳಿ ಬಂದರು. ವಾಪಸು ಬರುವಾಗ ಜೀಪಿನಲ್ಲಿ ಒಂದು ಮಾತು ಬಂತು: ಒಂದೇ ಗುರುತು ನೋಡಿ ಯಾವ ಗಿಡಕ್ಕೂ ಹೆಸರಿಡಬಾರದು. ಇದನ್ನು ಅವರು ಹೇಳಿದರೋ ನಾನು ಹೇಳಿದೆನೋ ಈಗ ಖಚಿತವಿಲ್ಲ. ಬಹಳ ವರ್ಷ ನಾನೇ ಹೇಳಿದ್ದೆಂದು ನಂಬಿದ್ದೆ. ಅವರೇ ಹೇಳಿರಬೇಕು.

ಇನ್ನು ಬೆಳೆಸುವ ವಿಷಯ. ಚನ್ನಗಿರಿಗೆ ಬಂದಾಗ ನೋಡಿದ್ದು ಬೇರೆಯೇ ತಮಾಷೆ. ಇಲ್ಲಿಯವರಿಗೆ ಅಡಿಕೆ ಗಿಡಕ್ಕೆ ನೀರು ಬಿಟ್ಟು ಅಭ್ಯಾಸ. ಅಂಗಳದ ಕುಂಡದಲ್ಲಿ ಕೂತ ಚುಕ್ಕೆ ಲೋಳೆಸರಕ್ಕೂ ಅಷ್ಟೇ ಪ್ರೀತಿಯಿಂದ ಬೆಳಿಗ್ಗೆ ಸಂಜೆ ನೀರು. ಒಬ್ಬ ವ್ಯಾಪಾರಿ ಯಜಮಾನರು ನನ್ನನ್ನು ಕರೆಸಿ, "ದಷ್ಟಪುಷ್ಟ ಆಗೈತೆ ನೋಡ್ರಿ ಮೇಡಂ," ಎಂದು ಎಲೆ ಹಿಡಿದು ತೋರಿಸಹೋದರು. ಗಿಡ ಬುಡಸಮೇತ ಅವರ ಕೈಗೇ ಬಂತು. ಬೇರು ಕೊಳೆತು ಅಂಬಲಿಯಾಗಿತ್ತು. ಯಜಮಾನರು ಗಿಡವನ್ನು ಹಿಡಿದುಕೊಂಡೇ, "ಹಂಗಾರೆ ಇದಕ್ಕೆ ಉಪವಾಸನೇ ಮದ್ದೇನ್ರಿ?" ಎಂದರು. ಹೌದು. ಬೆರಳಿಟ್ಟು ನೋಡಿದಾಗ ಮಣ್ಣು ಪೂರ್ತಿ ಒಣಗಿದಂತೆ ಕಂಡ ಮೇಲೆ ನೀರು. ಮಣ್ಣಿಗೆ ಮರಳು, ಗರಸು, ಸ್ವಲ್ಪ ಕಳಿತ ಕೊಟ್ಟಿಗೆ ಗೊಬ್ಬರ. ಕುಂಡದ ತಳದ ತೂತು ಮುಚ್ಚಿರಬಾರದು. ಬೆಳಗಿನ ಬಿಸಿಲು ಚೆನ್ನಾಗಿ ಬೀಳಬೇಕು. ತಾಯಿಯಿಂದ ಬಿಡಿಸಿದ ಮರಿಯನ್ನು ಕೂಡಲೇ ನೆಡಬೇಡಿ. ನೆರಳಲ್ಲಿ ಮಲಗಿಸಿ, ಗಾಯ ಒಣಗಲಿ, ಆಮೇಲೆ ನೆಡಿ. ಇಷ್ಟು ಮಾಡಿದರೆ ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ.

ಈಗ ಬಿಳಿಚೋಡು. ಇದಕ್ಕಾಗಿಯೇ ಬರೆಯಲು ಕೂತದ್ದು.

ಜಗಳೂರಿನಲ್ಲಿದ್ದಾಗ ಒಂದು ಸಲ ಅಲ್ಲಿ ದಾಳಿಂಬೆ ತೋಟ ನೋಡಿ ಬಸ್ಸಿಗೆ ಕಾಯುತ್ತಿದ್ದೆ. ಸರಕು ಟೆಂಪೋ ಓಡಿಸುವ ಓಬಳೇಶ ಎಂಬವನು ಗಾಡಿ ನಿಲ್ಲಿಸಿ ಇಳಿದ.

"ಗಿಡದ ಮೇಡಂ ನೀವೇ ಅಲ್ವೇನ್ರಿ? ನಮ್ಮನಿಗೆ ಒಂದ್ಗಳಿಗೆ ಬಂದು ಹೋಗ್ರಿ. ಗಿಡದ ಪಂಚಾಯ್ತಿ ಐತೆ."

"ಗಿಡಕ್ಕೇನಾಗಿದೆ?"

"ಗಿಡ ಗಟ್ಟಿಮುಟ್ಟಾಗೈತ್ರಿ. ಮನೇನೇ ಎರಡಾಗೈತೆ."

ಹೋದೆ. ಕಾಂಪೌಂಡಿನ ಉದ್ದಕ್ಕೂ ಒಡೆದ ಹೆಂಚಿನ ಅಂಚು ಕಟ್ಟಿ ಒಂದು ಪಾತಿ. ಅದರಲ್ಲಿ ಚುಕ್ಕೆ ಚುಕ್ಕೆಯ ಗಿಡಗಳು ಒತ್ತೊತ್ತಾಗಿ ಕೂತಿದ್ದವು. ಮಾಡಿದವಳು ಓಬಳೇಶನ ಹೆಂಡತಿ ರತ್ನ, ನ್ಯಾಮತಿ ಕಡೆಯ ಹುಡುಗಿ. ಅಂಗಳದ ಇನ್ನೊಂದು ಮೂಲೆಯಲ್ಲಿ ಬೇವಿನ ಕೆಳಗೆ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿಕೊಂಡು ಕೂತಿದ್ದವರು ಓಬಳೇಶನ ತಾಯಿ ತಿಪ್ಪಮ್ಮ. ಬದುಕೆಲ್ಲ ಕುರಿ ಕಾಯ್ದ ಗಟ್ಟಿ ದನಿ.

"ಬರ್ರಿ ಮೇಡಮ್ಮಾರೆ. ನೋಡಿ ಹೇಳ್ರಿ, ಅದು ವಿಷ ಹೌದೋ ಅಲ್ಲೋ. ಹೌದಂದ್ರೆ ಈಗ್ಲೇ ಗುದ್ಲಿ ತರಿಸ್ತೀನಿ."

ಕತೆಯನ್ನು ಮೂವರೂ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿ ಹೇಳಿದರು. ನಾನು ಒಂದೇ ಎಳೆಯಲ್ಲಿ ಹೇಳುತ್ತೇನೆ. ನಮ್ಮ ಕಡೆ ಮನೆಗೆ ದೃಷ್ಟಿ ತಾಗದಿರಲಿ ಎಂದು ಲೋಳೆಸರವನ್ನು ಬೇರುಸಮೇತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುತ್ತಾರಲ್ಲ, ಈ ಮನೆಯಲ್ಲೂ ಕಟ್ಟಿದ್ದರು. ಮಣ್ಣಿಲ್ಲದೆ, ನೀರಿಲ್ಲದೆ ಅದು ವರ್ಷಗಟ್ಟಲೆ ಬದುಕಿತ್ತು. ಮನೆಗೆ ಸುಣ್ಣ ಬಳಿಯುವಾಗ ರತ್ನ ಅದನ್ನು ಇಳಿಸಿದಳು. ನೋಡಿದರೆ ಬುಡದಲ್ಲಿ ಎರಡು ಮರಿ. ಪಾಪ ಅನ್ನಿಸಿ ನೆಲಕ್ಕೆ ನೆಟ್ಟಳು. ಅದು ಸಂಸಾರ ಬೆಳೆಸಿ ಪಾತಿಯಾಯಿತು. ಅತ್ತೆಗೆ ಇದು ಮೊದಲಿಂದಲೂ ಸರಿಬಂದಿರಲಿಲ್ಲ. ಆಮೇಲೆ ಒಂದು ದಿನ ಮುದ್ದೆ ತಿರುವುವಾಗ ತಿಪ್ಪಮ್ಮನ ಮುಂಗೈಗೆ ಬಿಸಿ ಹಬೆ ಹೊಡೆಯಿತು. ರತ್ನ ಓಡಿಹೋಗಿ ಪಾತಿಯಿಂದ ಒಂದು ಎಲೆ ಮುರಿದು ತಂದು ಹಚ್ಚಿದಳು. ಸಂಜೆಯ ಹೊತ್ತಿಗೆ ಕೈ ಕೆಂಪೇರಿ ಮೊಣಕೈವರೆಗೆ ದದ್ದು.

"ಅಷ್ಟು ವರ್ಷ ಬಂದೋರ ಹೋದೋರ ಕಣ್ಣೆಲ್ಲ ನುಂಗಿದ ಗಿಡ ಅದು," ತಿಪ್ಪಮ್ಮ ಹೇಳಿದರು. "ನೆಲಕ್ಕಿಟ್ರೆ ನುಂಗಿದ್ದೆಲ್ಲ ಕಕ್ಕಾಕೆ ಹತ್ತೈತೆ. ಅದನ್ನ ತಂದು ನನ್ನ ಕೈಗೇ ಬಳಿದ್ಲು ಇವಳು. ಬೇಕಂತ್ಲೇ!"

"ಅತ್ತೆ, ಲೋಳೆಸರ ಅಂತ ಹಚ್ಚಿದೆ..."

"ನೀ ಸುಮ್ನಿರು. ಮೇಡಮ್ಮ ಹೇಳ್ಲಿ."

ಅಂದಿನಿಂದ ಅವರು ಸೊಸೆಯ ಕೈಯಿಂದ ಒಂದು ತುತ್ತೂ ಮುಟ್ಟಿರಲಿಲ್ಲ.

ನಾನು ಪಾತಿಯ ಮುಂದೆ ಕೂತೆ. ಎಂಥ ಪ್ರಶ್ನೆ! ಚುಕ್ಕೆ ಲೋಳೆಸರದ ಎಲೆ ಅಗಲ, ಮೋಟು, ತ್ರಿಕೋನ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಅಡ್ಡಪಟ್ಟೆಯಂತೆ ಸಾಲುಗಟ್ಟುತ್ತವೆ. ಅಂಚಿನ ಮುಳ್ಳು ಕಂದು, ಗಟ್ಟಿ. ಔಷಧಿಯ ಲೋಳೆಸರದ ಎಲೆ ನೀಳ, ಬೂದುಹಸಿರು, ನೆಟ್ಟಗೆ ಮೇಲಕ್ಕೆ. ಪುಸ್ತಕದಲ್ಲಿ ಇಷ್ಟು ಸಲೀಸು. ಈ ಗಿಡಗಳೋ ಯಾವ ಪುಸ್ತಕಕ್ಕೂ ಸೇರುವಂತಿರಲಿಲ್ಲ. ತಲೆಕೆಳಗಾಗಿ ತೂಗಾಡಿ ಬದುಕಿದ ತಾಯಿಗಿಡದ ಎಲೆಗಳು ಬೆಳಕಿಗಾಗಿ ಮೇಲಕ್ಕೆ ಡೊಂಕಾಗಿ, ಒಣಗಿ, ಸಪೂರವಾಗಿದ್ದವು. ಮರಿಗಳು ಇನ್ನೂ ಎಳೆಯವು. ಎಳೆಯದರಲ್ಲಿ ಎರಡಕ್ಕೂ ಚುಕ್ಕೆ. ದದ್ದು ಕೂಡ ಸಾಕ್ಷಿಯಲ್ಲ. ಅಪ್ಪಟ ಲೋಳೆಸರದಲ್ಲೂ ಮುರಿದ ಕೂಡಲೇ ಒಂದು ಹಳದಿ ರಸ ಸುರಿಯುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಸೋರಿಸದೆ ಹಚ್ಚಿದರೆ ಕೆಲವರ ಮೈ ತಡೆಯುವುದಿಲ್ಲ. ರತ್ನ ಅವಸರದಲ್ಲಿ ಸೋರಿಸಿರಲಿಲ್ಲ.

ಓಬಳೇಶ ತನ್ನ ಮೊಬೈಲ್ ಮುಂದೆ ಹಿಡಿದ. ಫೋಟೋ ತೆಗೆದರೆ ಗಿಡದ ಹೆಸರು ಹೇಳುತ್ತದಂತೆ. ಮೊದಲ ಫೋಟೋಗೆ ಒಂದು ಹೆಸರು, ಪಕ್ಕದಿಂದ ತೆಗೆದರೆ ಇನ್ನೊಂದು, ಮೇಲಿನಿಂದ ತೆಗೆದರೆ ಮತ್ತೊಂದು. "ಈ ಫೋನಿಗೂ ನಮ್ಮವ್ವಂಗೂ ಫರಕ್ಕೇ ಇಲ್ಲ ನೋಡ್ರಿ, ಗಳಿಗೆಗೊಂದು ಮಾತು," ಎಂದ. ತಾಯಿ ಒಲೆಯ ಪಕ್ಕದ ಸೌದೆ ತೋರಿಸಿದರು. ಅವನು ಟೆಂಪೋ ಹಿಂದೆ ಹೋಗಿ ನಿಂತ.

"ನನಗೆ ಗೊತ್ತಾಗ್ತಿಲ್ಲ," ಎಂದೆ. "ಹೂ ಬರಲಿ. ಹೂ ನೋಡಿದ್ರೆ ಖಂಡಿತ ಹೇಳ್ತೀನಿ."

ತಿಪ್ಪಮ್ಮನಿಗೆ ನಂಬಲಾಗಲಿಲ್ಲ. "ಅಷ್ಟೊಂದು ಓದಿ ಹೂ ಬಿಡಾತನ್ಕ ಕಾಯ್ಬೇಕಾ? ನಮ್ಮ ಕುರಿ ಒಂದ್ಸಲ ಮೂಸಿದ್ರೆ ಹೇಳ್ತಾವೆ."

"ಏನು ಹೇಳಿದ್ವು ಅಜ್ಜಿ?"

"ಮೂಸಿದ್ವು, ತಿನ್ಲಿಲ್ಲ."

"ಒಳ್ಳೆ ಲೋಳೆಸರ ತಿಂತಾವಾ?"

ಅವರು ಯೋಚಿಸಿದರು. "ಅದನ್ನೂ ತಿನ್ನಲ್ಲ," ಎಂದು ಒಪ್ಪಿಕೊಂಡು ತಮಗೇ ಸಿಟ್ಟು ಬಂದವರಂತೆ ಒಲೆ ಊದಿದರು. ಆಮೇಲೆ ತೀರ್ಪು ಕೊಟ್ಟರು: "ಆತು. ಹೂ ಬಿಡಾತನ್ಕ ಇರ್ಲಿ. ಬಿಟ್ಮೇಲೆ ನೀವೇ ಬಂದು ಎಲ್ಲಾರ ಮುಂದೆ ಹೇಳ್ಬೇಕು. ಅಲ್ಲೀತನ್ಕ ಇವಳ ಕೈ ಮುದ್ದೆ ನಂಗೆ ಬ್ಯಾಡ."

ರಸ್ತೆಯವರೆಗೆ ಬಂದ ರತ್ನ ಸೆರಗಿನ ತುದಿ ಹಿಂಡುತ್ತಾ ಹೇಳಿದಳು. "ಗಿಡ ಹೋದ್ರೆ ಹೋಗ್ಲಿ ಮೇಡಂ. ಗೊತ್ತಿದ್ದೂ ಹಚ್ಚಿದೆ ಅಂತ ತಿಳ್ಕಂಡಾರಲ್ಲ, ಅದು ನುಂಗಾಕೆ ಆಗವಲ್ದು."

ಬಸ್ಸಿನಲ್ಲಿ ಕೂತ ಮೇಲೆ ಭಯವಾಯಿತು. ಎಷ್ಟು ಧೈರ್ಯವಾಗಿ ಹೂವಿನ ಮೇಲೆ ಭಾರ ಹಾಕಿ ಬಂದೆ! ಹೂ ಬಿಡದಿದ್ದರೆ? ಬಿಟ್ಟು, ಅದು ಚುಕ್ಕೆಯದೇ ಎಂದಾದರೆ? ರತ್ನಳಿಗೆ ಫೋನಿನಲ್ಲಿ ಹೇಳಿದೆ: ನೀರು ಕಡಿಮೆ ಮಾಡು, ದೊಡ್ಡ ಗಿಡದ ಸುತ್ತಲಿನ ಮರಿಗಳನ್ನು ಬೇರೆ ಕಡೆಗೆ ಬಿಡಿಸು, ಬೇವಿನ ನೆರಳು ಬೀಳದಂತೆ ಕೊಂಬೆ ಕಡಿಸು. ಕೊಂಬೆ ಕಡಿಸಿದ್ದು ತಿಪ್ಪಮ್ಮನೇ ಅಂತೆ. ಪಾತಿಗೆ ಕುರಿ ನುಗ್ಗದಂತೆ ಜಾಲಿಮುಳ್ಳು ತಂದು ಬೇಲಿ ಹಾಕಿದ್ದೂ ಅವರೇ. "ವಿಷ ಅಂತೀಯ, ಕಾವಲು ಕಾಯ್ತೀಯ," ಎಂದು ಮಗ ಕಿಚಾಯಿಸಿದರೆ, "ನ್ಯಾಯ ಆಗಾವರೆಗೂ ಕಳ್ಳನ್ನೂ ಕಾಯ್ತಾರೆ ಕಣೋ," ಎಂದರಂತೆ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಓಬಳೇಶನ ಫೋಟೋ ಬಂತು. ಅದರ ಹಿಂದೆಯೇ ಫೋನು. "ಮೇಡಂ, ನಡುವೆ ಏನೋ ಕಡ್ಡಿ ಎದ್ದೈತೆ!"

ತಿಂಡಿ ಬಿಟ್ಟು ಓಡಿದೆ. ಆ ಕಡ್ಡಿ ಬೆಳೆಯುವುದನ್ನು ನೋಡಲು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಕಚೇರಿಯಲ್ಲಿ "ಮೇಡಂಗೆ ಬಿಳಿಚೋಡಿನಲ್ಲಿ ನೆಂಟಸ್ತನ ಕುದುರಿದೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬಸ್ಸು ಹಿಡಿಯುತ್ತಿದ್ದೆ. ಕಡ್ಡಿ ಮೊಳದುದ್ದವಾಗಿ ತುದಿಯಲ್ಲಿ ಕವಲೊಡೆಯಿತು. ಕವಲು ಕಂಡಾಗಲೇ ನನಗೆ ಮುಕ್ಕಾಲು ಪಾಲು ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಎಲ್ಲರ ಮುಂದೆ ಅರಳಿದ ಹೂ ನೋಡಿಯೇ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ.

ಅರಳಿದ ದಿನ ಅಂಗಳದಲ್ಲಿ ಅಕ್ಕಪಕ್ಕದವರೂ ಸೇರಿದ್ದರು. ಎಂಥ ಹೂ ಅದು! ಪ್ರತಿ ಕವಲಿನ ತುದಿಯಲ್ಲೂ ಬಿಚ್ಚಿದ ಕೊಡೆಯಂತೆ ಚಪ್ಪಟೆ ಗೊಂಚಲು. ಹವಳದ ಬಣ್ಣ ಎಂದು ನನಗೆ ನೆನಪು, ಕಿತ್ತಳೆ ಎಂದು ರತ್ನ ಈಗಲೂ ವಾದಿಸುತ್ತಾಳೆ. ಇರಲಿ, ಬಣ್ಣವನ್ನು ನೆಚ್ಚಲೂ ಬಾರದು, ಎರಡೂ ಜಾತಿಯಲ್ಲಿ ಅದು ಬದಲಾಗುತ್ತದೆ. ನೋಡಬೇಕಾದದ್ದು ಗೊಂಚಲಿನ ಆಕಾರ. ಔಷಧಿಯ ಲೋಳೆಸರದ ಹೂ ಜೋಳದ ತೆನೆಯಂತೆ ಉದ್ದಕ್ಕೆ ಕೂಡುತ್ತದೆ. ಇದು ಕೊಡೆ. ಅನುಮಾನವೇ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಸೂರಕ್ಕಿ ಎಲ್ಲಿಂದಲೋ ಬಂದು ಕಡ್ಡಿ ಹಿಡಿದು ಕೂತು, ಜನರಿದ್ದಾರೆಂಬ ಪರಿವೆಯಿಲ್ಲದೆ ಒಂದೊಂದೇ ಹೂವಿಗೆ ಕೊಕ್ಕು ಇಳಿಸಿತು. ನನ್ನ ಕಣ್ಣು ತುಂಬಿತ್ತು.

"ಇದು ಚುಕ್ಕೆ ಲೋಳೆಸರ," ಎಂದೆ. ಖುಷಿಯಲ್ಲಿ ದನಿ ಏರಿತ್ತು. "ನೋಡಾಕೆ ಬೆಳೆಸೋ ಗಿಡ. ಔಷಧಿ ಲೋಳೆಸರ ಅಲ್ಲ. ತಿನ್ನಬಾರದು, ಮೈಗೆ ಹಚ್ಚಬಾರದು."

ಹೇಳಿ ಮುಗಿಸಿದ ಮೇಲೆ ರತ್ನಳ ಕಡೆ ನೋಡಿದೆ. ಅವಳು ಗೋಡೆ ಹಿಡಿದು ನಿಂತಿದ್ದಳು.

"ಹೇಳಿರ್ಲಿಲ್ವಾ ನಾನು?" ತಿಪ್ಪಮ್ಮ ಎದ್ದರು. "ಓಬಳೇಶಾ, ಗುದ್ಲಿ!"

ಎಲ್ಲಿಂದ ತೋಚಿತೋ ಗೊತ್ತಿಲ್ಲ, ಅಥವಾ ಬಸ್ಸಿನಲ್ಲಿ ಬರುತ್ತಲೇ ಯೋಚಿಸಿಕೊಂಡಿದ್ದೆನೋ ಏನೋ. ಕೇಳಿದೆ: "ಅಜ್ಜಿ, ಮೊದಲು ಬಾಗಿಲ ಮೇಲೆ ಕಟ್ಟಿದ್ದ ಗಿಡ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಸೂರಗೊಂಡನಕೊಪ್ಪದ ಕಡೆ ಹೋದಾಗ ಒಬ್ರ ಬೇಲಿಯಾಗಿತ್ತು. ನಾನೇ ಕೇಳಿ ಕಿತ್ಕಂಡು ಬಂದೆ. ನಾನೇ ಕಟ್ಟಿದೆ."

"ಏನಂತ ತಂದ್ರಿ?"

"ಲೋಳೆಸರ ಅಂತ. ಇನ್ನೇನಂತ ತರ್ಲಿ..."

ತಿಪ್ಪಮ್ಮ ಬಾಗಿಲ ಮೇಲಿನ ಖಾಲಿ ಮೊಳೆಯನ್ನು ನೋಡಿದರು. ಪಾತಿ ನೋಡಿದರು. ತಮ್ಮ ಮುಂಗೈ ನೋಡಿಕೊಂಡರು. ಅಲ್ಲಿ ದದ್ದಿನ ಗುರುತೂ ಉಳಿದಿರಲಿಲ್ಲ. ಇಷ್ಟು ವರ್ಷ ಕಟ್ಟಿದವರಿಗೂ ಗೊತ್ತಿರಲಿಲ್ಲ, ಇಳಿಸಿದವಳಿಗೂ ಗೊತ್ತಿರಲಿಲ್ಲ. ಓದಿಕೊಂಡು ಬಂದ ನನಗೂ ಎಲೆ ನೋಡಿ ಗೊತ್ತಾಗಿರಲಿಲ್ಲ. ತಲೆಕೆಳಗಾಗಿ ತೂಗಿದ ಗಿಡ ಎಲ್ಲರನ್ನೂ ಸಮನಾಗಿ ಯಾಮಾರಿಸಿತ್ತು.

ನಗು ಅವರ ಭುಜದಿಂದ ಶುರುವಾಯಿತು. "ಅಲ್ಲ ಕಣೇ ರತ್ನಾ, ಹಂಗಾದ್ರೆ ವಿಷ ತಂದು ಬಾಗ್ಲಿಗೆ ಕಟ್ಟಿದೋಳು ನಾನಾತಲ್ಲೇ!"

ಪಕ್ಕದ ಮನೆಯ ಹೆಂಗಸು, "ಅದಕ್ಕೇ ನಾವು ನಿಮ್ಮನಿ ಕಡೆ ಕಣ್ಣು ಹಾಕ್ಲಿಲ್ಲ ಬಿಡು ತಿಪ್ಪಕ್ಕಾ!" ಎಂದಳು. ಅಂಗಳ ನಗೆಯಲ್ಲಿ ಮುಳುಗಿತು. ಓಬಳೇಶ ಗುದ್ದಲಿ ಹಿಡಿದು ಬಂದವನು ಏನೂ ತಿಳಿಯದೆ ನಿಂತಿದ್ದ.

"ಎಲ್ಲಿ ಅಗೀಬೇಕವ್ವಾ?"

"ನನ್ನ ತಲಿ ಮ್ಯಾಲೆ! ಇಷ್ಟು ಚಂದ ಹೂ ಬಿಟ್ಟಿರಾದನ್ನ ಕೀಳ್ತಾರೇನೋ? ಅತ್ಲಾಗಿಡು ಅದನ್ನ."

ಆಮೇಲೆ ಬೇವಿನ ಕೆಳಗಿನ ತಮ್ಮ ಒಲೆಯ ಕಡೆ ಒಮ್ಮೆ ನೋಡಿದರು. ಅವತ್ತು ಅದನ್ನು ಹೊತ್ತಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು, ಆಗಲೇ ಒಳಗೆ ಒಲೆಯ ಹತ್ತಿರ ಹೋಗಿದ್ದ ಸೊಸೆಗೆ ಕೇಳುವಂತೆ ಹೇಳಿದರು: "ರತ್ನಾ, ಹೊತ್ತಾತು. ಮೇಡಮ್ಮಾರಿಗೆ ಮುದ್ದೆ ಇಡು."

ಸ್ವಲ್ಪ ತಡೆದು, ನಮ್ಮ ಯಾರ ಮುಖವನ್ನೂ ನೋಡದೆ, "ನಂಗೂ ಒಂದು ಇಡು," ಎಂದರು.

ಆಗ ರತ್ನಳ ಮುಖ ಹೇಗಿತ್ತು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಬರೆದರೆ ಅದು ನಾನು ಕಟ್ಟಿದ್ದಾಗುತ್ತದೆ. ಅವಳು ಒಲೆಯ ಕಡೆ ತಿರುಗಿದ್ದಳು, ನಮಗೆ ಬೆನ್ನಷ್ಟೇ ಕಾಣುತ್ತಿತ್ತು. ನನಗೆ ಚೆನ್ನಾಗಿ ನೆನಪಿರುವುದು ತಟ್ಟೆಗಳು. ಅತ್ತೆಯ ತಟ್ಟೆಗೆ ಅವಳು ಇಟ್ಟ ಮುದ್ದೆ ನನ್ನದರ ಎರಡರಷ್ಟಿತ್ತು. ತಿಪ್ಪಮ್ಮ ಗೊಣಗದೆ ಪೂರ್ತಿ ತಿಂದರು.